ಸ್ಪಿನಿಫೆಕ್ಸ್ ನಾಡಿನ ಬೆಂಕಿಯ ಲೆಕ್ಕ: ‘ನಾಫಿ’ ನಕ್ಷೆ ಸೇವೆಯ ವಿಮರ್ಶೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದ ವಾಯವ್ಯ ಭಾಗದಲ್ಲಿ, ಮೌಂಟ್ ಐಸಾ ಪಟ್ಟಣದ ಸುತ್ತ ಹಬ್ಬಿರುವ ಒಣ ಕಲ್ಲು ಪ್ರಸ್ಥಭೂಮಿಯ ಮೇಲೆ, ಒಂದು ದನಗಳ ಸ್ಟೇಷನ್ನಿಗೆ, ಅಂದರೆ ವಿಶಾಲವಾದ ದನಸಾಕಣೆಯ ಜಮೀನಿಗೆ, ಸಸ್ಯಾವರಣ ಮತ್ತು ಬೆಂಕಿಯ ಯೋಜನೆ (ದೊಡ್ಡ ಬೆಂಕಿಯನ್ನು ತಡೆಯಲು ಎಲ್ಲಿ, ಯಾವಾಗ ಸಣ್ಣ ಬೆಂಕಿ ಹಚ್ಚಬೇಕೆಂಬ ಲೆಕ್ಕ) ಮಾಡಿಕೊಡುವುದು ನನ್ನ ಕೆಲಸ. ಒಣಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ನಾನು ತೆರೆಯುವ ಜಾಲತಾಣ ಒಂದೇ: ‘ನಾರ್ತ್ ಆಸ್ಟ್ರೇಲಿಯಾ ಆಂಡ್ ರೇಂಜ್‌ಲ್ಯಾಂಡ್ಸ್ ಫೈರ್ ಇನ್ಫರ್ಮೇಷನ್’. ಇಲ್ಲಿನ ಜನರ ಬಾಯಲ್ಲಿ ಅದು ‘ನಾಫಿ’. ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆಯುವ ಈ ಸೇವೆ ಉತ್ತರ ಆಸ್ಟ್ರೇಲಿಯಾದ ಹುಲ್ಲುಗಾಡು ಮತ್ತು ಒಣ ಬಯಲುಗಳಲ್ಲಿ ಎಲ್ಲಿ ಬೆಂಕಿ ಉರಿಯುತ್ತಿದೆ, ಎಲ್ಲಿ ಯಾವಾಗ ಉರಿದಿತ್ತು ಎಂಬುದನ್ನು ಉಪಗ್ರಹಗಳ ನೆರವಿನಿಂದ ನಕ್ಷೆಯಲ್ಲಿ ತೋರಿಸುತ್ತದೆ. ಅದನ್ನು ನೋಡಲು ಹಣ ಕೊಡಬೇಕಾಗಿಲ್ಲ. ದನಗಾಹಿಗಳು, ಮೂಲನಿವಾಸಿ ರೇಂಜರ್ ತಂಡಗಳು, ಉದ್ಯಾನಗಳ ಸಿಬ್ಬಂದಿ ಎಲ್ಲರೂ ಅದನ್ನೇ ನೋಡುತ್ತಾರೆ.

ಉತ್ತರದ ಎತ್ತರದ ಹುಲ್ಲಿನ ಸವನ್ನಾ ಕಾಡುಗಳಿಗೆ ಈ ಸೇವೆ ಎಷ್ಟು ಒಪ್ಪುತ್ತದೆ ಎಂಬುದನ್ನು ಅಲ್ಲಿ ದುಡಿಯುವವರು ಹೇಳಲಿ. ನಾನು ಅದನ್ನು ಒರೆಗೆ ಹಚ್ಚುವುದು ಸ್ಪಿನಿಫೆಕ್ಸ್ ಎಂಬ ಮುಳ್ಳುಹುಲ್ಲು ಬೆಳೆಯುವ ಕಲ್ಲುನೆಲದ ಮೇಲೆ ಮಾತ್ರ. ಈ ನೆಲದಲ್ಲಿ ಬೆಂಕಿಯ ಕೆಲಸ ಮಾಡುವವರಿಗೆ ಇಂದು ಎಲ್ಲಿ ಉರಿಯುತ್ತಿದೆ ಎನ್ನುವುದಕ್ಕಿಂತ ಒಂದೊಂದು ತುಣುಕು ನೆಲವೂ ಕೊನೆಯ ಬಾರಿ ಸುಟ್ಟು ಎಷ್ಟು ಕಾಲವಾಯಿತು ಎನ್ನುವುದು ಹೆಚ್ಚು ಮುಖ್ಯ. ಆ ಪ್ರಶ್ನೆಗೆ ನಾಫಿ ಕೊಡುವಷ್ಟು ಒಳ್ಳೆಯ ಉತ್ತರವನ್ನು ಉಚಿತವಾಗಿ ಕೊಡುವ ಇನ್ನೊಂದು ಸೇವೆ ನನ್ನ ಕೈಗೆ ಸಿಕ್ಕಿಲ್ಲ. ಆದರೆ ಆ ಉತ್ತರವನ್ನು ಹೇಗೆ ಓದಬೇಕು ಎಂಬುದನ್ನು ಕಲಿಯದೆ ಬೆಂಕಿ ಹಚ್ಚಲು ಹೊರಟರೆ ಅಪಾಯ ಕಟ್ಟಿಟ್ಟ ಬುತ್ತಿ.

ಇದು ಅರ್ಥವಾಗಬೇಕಾದರೆ ಹುಲ್ಲಿನ ಪರಿಚಯ ಸ್ವಲ್ಪ ಬೇಕು. ಸ್ಪಿನಿಫೆಕ್ಸ್ ಎಂದು ಎಲ್ಲರೂ ಕರೆಯುವ ಈ ಹುಲ್ಲಿನ ಸಸ್ಯಶಾಸ್ತ್ರೀಯ ಹೆಸರು ಟ್ರಯೋಡಿಯಾ. ನಿಜವಾದ ಸ್ಪಿನಿಫೆಕ್ಸ್ ಕುಲಕ್ಕೆ ಸೇರಿದ ಹುಲ್ಲುಗಳು ಕಡಲ ದಂಡೆಯ ಮರಳ ದಿಬ್ಬಗಳಲ್ಲಿ ಬೆಳೆಯುವ ಬೇರೆಯೇ ಸಸ್ಯಗಳು. ಟ್ರಯೋಡಿಯಾದಲ್ಲಿ 60ಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವೆಲ್ಲವೂ ಆಸ್ಟ್ರೇಲಿಯಾದಲ್ಲಿ ಮಾತ್ರ ಕಾಣಸಿಗುತ್ತವೆ. ಈ ಖಂಡದ ಸುಮಾರು ಕಾಲು ಭಾಗ ನೆಲ ಅವುಗಳದೇ. ಅದು ಬಯಲ ಹುಲ್ಲಿನಂತೆ ನೆಲವನ್ನೆಲ್ಲ ಮುಚ್ಚಿಕೊಂಡು ಬೆಳೆಯುವುದಿಲ್ಲ. ಒಂದೊಂದು ಗಿಡವೂ ಬೋರಲು ಹಾಕಿದ ಬುಟ್ಟಿಯಂತೆ ದುಂಡನೆಯ ಗುಪ್ಪೆಯಾಗುತ್ತದೆ. ಎಲೆಗಳು ಉದ್ದಕ್ಕೆ ಸುರುಳಿ ಸುತ್ತಿಕೊಂಡು ಸೂಜಿಯಂತಾಗಿರುತ್ತವೆ. ಪ್ಯಾಂಟಿನ ಬಟ್ಟೆಯನ್ನು ತೂರಿ ಬರುವ ಆ ತುದಿ ಚರ್ಮದೊಳಗೆ ಮುರಿದು ಕುಳಿತರೆ ಎರಡು ದಿನ ನವೆ ತಪ್ಪಿದ್ದಲ್ಲ. ನಮ್ಮ ಕಡೆ ಹೇರಳವಾಗಿರುವ ಟ್ರಯೋಡಿಯಾ ಪುಂಜೆನ್ಸ್‌ನಂಥ ಪ್ರಭೇದಗಳಲ್ಲಿ ಅಂಟುರಾಳವೂ ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ ಗುಪ್ಪೆಯ ಪಕ್ಕ ಕುಳಿತರೆ ಆ ರಾಳದ ಘಾಟು ಮೂಗಿಗೆ ಬಡಿಯುತ್ತದೆ. ಕಲ್ಲಿನ ಕೊಡಲಿಗೆ ಹಿಡಿ ಕೂರಿಸಲು ಮೂಲನಿವಾಸಿಗಳು ಬಹುಕಾಲದಿಂದ ಬಳಸುತ್ತ ಬಂದ ಅಂಟು ಅದು. ಕಿಡಿ ತಾಗಿದ ಗುಪ್ಪೆ ಹಸಿರಾಗಿ ಕಂಡರೂ ಚಟಚಟನೆ ಸದ್ದು ಮಾಡುತ್ತ ಕಪ್ಪು ಹೊಗೆ ಉಗುಳಿ ಆಳೆತ್ತರಕ್ಕೆ ಉರಿದುಬಿಡುವುದಕ್ಕೆ ಕಾರಣವೂ ಅದೇ.

ಆದರೆ ಗುಪ್ಪೆಗೂ ಗುಪ್ಪೆಗೂ ನಡುವೆ ಬರಿಯ ಕೆಂಪು ಜಲ್ಲಿನೆಲವಿರುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಒಂದು ಗುಪ್ಪೆಗೆ ಹಚ್ಚಿದ ಬೆಂಕಿ ಅದನ್ನು ಸುಟ್ಟು ಅಲ್ಲಿಗೇ ನಿಲ್ಲುತ್ತದೆ. ಗಾಳಿ ಒಂದು ಮಟ್ಟ ದಾಟಿ ಜ್ವಾಲೆಯನ್ನು ಬಗ್ಗಿಸಿ ಪಕ್ಕದ ಗುಪ್ಪೆಗೆ ಮುಟ್ಟಿಸಿದಾಗ ಮಾತ್ರ ಅದು ಓಡತೊಡಗುತ್ತದೆ. ಬೆಂಕಿಯ ಅಧ್ಯಯನ ಮಾಡುವ ವಿಜ್ಞಾನಿ ನೀಲ್ ಬರೋಸ್ ಮತ್ತು ಅವರ ಸಂಗಡಿಗರು ಪಶ್ಚಿಮ ಆಸ್ಟ್ರೇಲಿಯಾದ ಗಿಬ್ಸನ್ ಮರುಭೂಮಿಯಲ್ಲಿ ಬೆಂಕಿ ಹಚ್ಚಿ ಅಳೆದು ತೋರಿಸಿದ ಮುಖ್ಯ ಸಂಗತಿಗಳಲ್ಲಿ ಇದೂ ಒಂದು. ಸುಟ್ಟ ನೆಲದಲ್ಲಿ ಮೊದಲ ಕೆಲವು ವರ್ಷ ಗುಪ್ಪೆಗಳು ಅಂಗೈಯಗಲ ಇದ್ದು, ನಡುವಿನ ಬಯಲೇ ದೊಡ್ಡದಾಗಿರುವುದರಿಂದ ಸಾಧಾರಣ ಗಾಳಿಗೆ ಬೆಂಕಿ ಅಲ್ಲಿ ಮುಂದುವರಿಯುವುದಿಲ್ಲ. ಗುಪ್ಪೆಗಳು ಹಿಗ್ಗಿದಂತೆ ಬಯಲು ಕುಗ್ಗುತ್ತದೆ, ಕಡಿಮೆ ಗಾಳಿಯೇ ಸಾಕಾಗುತ್ತದೆ. ಇನ್ನೂ ಹಳೆಯದಾದಾಗ ಗುಪ್ಪೆಯ ನಡುಭಾಗ ಸತ್ತು, ಹೊರಗಿನ ಅಂಚು ಮಾತ್ರ ಜೀವಂತವಾಗಿ ಉಳಿದು ಉಂಗುರದ ಆಕಾರ ಬರುತ್ತದೆ. ಹೀಗೆ ಒಂದು ತುಣುಕಿನ ವಯಸ್ಸು ಗೊತ್ತಾದರೆ ಅದು ಬೆಂಕಿಯನ್ನು ತಡೆಯುತ್ತದೆಯೋ ಹೊತ್ತೊಯ್ಯುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಬೇರೆ ಬೇರೆ ವಯಸ್ಸಿನ ತುಣುಕುಗಳನ್ನು ಪಕ್ಕಪಕ್ಕದಲ್ಲಿ ಉಳಿಸಿಕೊಳ್ಳುವುದು, ಅಂದರೆ ನೆಲವೆಲ್ಲ ಒಂದೇ ವಯಸ್ಸಿಗೆ ಬಂದು ಒಂದೇ ಬೆಂಕಿಗೆ ತುತ್ತಾಗದಂತೆ ನೋಡಿಕೊಳ್ಳುವುದು, ನಮ್ಮ ಕೆಲಸದ ತಿರುಳು.

ಈಗ ಸೇವೆಯ ವಿಷಯಕ್ಕೆ ಬರುತ್ತೇನೆ. ನಾಫಿಯ ಮುಖಪುಟದಲ್ಲಿ ಮೊದಲು ಕಾಣುವುದು ಹಾಟ್‌ಸ್ಪಾಟ್‌ಗಳು, ಎಂದರೆ ಉಪಗ್ರಹಗಳು ಗುರುತಿಸಿದ ಶಾಖದ ಚುಕ್ಕೆಗಳು. ಎಷ್ಟು ಗಂಟೆ ಹಿಂದೆ ಕಂಡದ್ದು ಎಂಬುದಕ್ಕೆ ತಕ್ಕಂತೆ ಅವುಗಳ ಬಣ್ಣ ಬದಲಾಗುತ್ತದೆ. ಮೋಡಿಸ್ ಎಂಬ ಉಪಕರಣ ಇದಕ್ಕಾಗಿ ಸುಮಾರು 1 ಕಿಲೋಮೀಟರ್ ಅಗಲದ ಚೌಕಗಳಲ್ಲಿಯೂ, ಅದಕ್ಕಿಂತ ಹೊಸದಾದ ವಿಯರ್ಸ್ 375 ಮೀಟರ್ ಚೌಕಗಳಲ್ಲಿಯೂ ನೋಡುತ್ತವೆ. ಈ ಉಪಗ್ರಹಗಳು ಒಂದು ಜಾಗದ ಮೇಲೆ ದಿನಕ್ಕೆ ಕೆಲವೇ ಬಾರಿ ಹಾದುಹೋಗುವುದರಿಂದ ಅವುಗಳ ನಡುವಿನ ಅವಧಿಯಲ್ಲಿ ಹುಟ್ಟಿ ಸತ್ತ ಬೆಂಕಿ ಕಣ್ಣಿಗೆ ಬೀಳುವುದಿಲ್ಲ. ಮೋಡ ಅಥವಾ ದಟ್ಟ ಹೊಗೆ ಕವಿದಾಗಲೂ ಅಷ್ಟೆ. ಚುಕ್ಕೆ ತೋರಿದ ಜಾಗದಲ್ಲೇ ಕರಾರುವಾಕ್ಕಾಗಿ ಬೆಂಕಿ ಇರಬೇಕೆಂದೂ ಇಲ್ಲ. ಪಕ್ಕದ ಸ್ಟೇಷನ್ನಿನಲ್ಲಿ ಸಿಡಿಲಿನ ಬೆಂಕಿ ಎದ್ದಿದೆಯೇ, ಅದು ನಮ್ಮ ಕಡೆ ಮುಖ ಮಾಡಿದೆಯೇ ಎಂದು ತಿಳಿಯಲು ಇಷ್ಟು ಸಾಕು. ಜನರ ಜೀವ ಉಳಿಸಿಕೊಳ್ಳುವ ನಿರ್ಧಾರವನ್ನು ಈ ಚುಕ್ಕೆಗಳ ಮೇಲೆ ಹೊರಿಸಬಾರದು. ಅದಕ್ಕೆ ರೇಡಿಯೋ, ದೂರವಾಣಿ ಮತ್ತು ನೆರೆಯವರ ಕಣ್ಣು ಬೇಕು.

ನನ್ನ ದೃಷ್ಟಿಯಲ್ಲಿ ಈ ಸೇವೆಯ ನಿಜವಾದ ಸಂಪತ್ತು ಇರುವುದು ಅದರ ಸುಟ್ಟ ಗುರುತುಗಳ ನಕ್ಷೆಯಲ್ಲಿ. ಬೆಂಕಿ ಹಾದುಹೋದ ನೆಲದ ಗಡಿಯನ್ನು 250 ಮೀಟರ್ ಚೌಕಗಳ ಚಿತ್ರಗಳಿಂದ ಗುರುತಿಸಿ, ಯಾವ ತಿಂಗಳಲ್ಲಿ ಸುಟ್ಟಿತು ಎಂಬುದನ್ನು ಬಣ್ಣದಲ್ಲಿ ತೋರಿಸುತ್ತಾರೆ. ಈ ದಾಖಲೆ 2000ನೇ ಇಸವಿಯಿಂದ ಆರಂಭವಾಗುತ್ತದೆ. ಅದರಿಂದ ತಯಾರಾದ ಮೂರು ಪದರಗಳು ನಮಗೆ ಅನ್ನದಷ್ಟೇ ಮುಖ್ಯ: ಕೊನೆಯ ಬಾರಿ ಸುಟ್ಟು ಎಷ್ಟು ವರ್ಷವಾಯಿತು, ಇಷ್ಟು ವರ್ಷಗಳಲ್ಲಿ ಒಟ್ಟು ಎಷ್ಟು ಬಾರಿ ಸುಟ್ಟಿತು, ಅದರಲ್ಲಿ ಆಗಸ್ಟ್‌ನಿಂದ ಮುಂದಿನ ಬಿಸಿ ಬೆಂಕಿಗಳು ಎಷ್ಟು. ಮೂರನ್ನೂ ಒಂದರ ನಂತರ ಒಂದು ತೆರೆದು ನೋಡಿದರೆ ನಮ್ಮ ಪ್ರಸ್ಥಭೂಮಿಯ ಆರೋಗ್ಯ ಕಣ್ಣಿಗೆ ಕಟ್ಟುತ್ತದೆ.

ಉದಾಹರಣೆಗೆ, ಒಳ್ಳೆಯ ಮಳೆಯಾದ ವರ್ಷಗಳ ಬೆನ್ನಿಗೇ ಬರುವ ಬೆಂಕಿಗಳನ್ನು ನೋಡಿ. ಒಣನಾಡಿನಲ್ಲಿ ದೊಡ್ಡ ಬೆಂಕಿ ಬರುವುದು ಬರಗಾಲದಲ್ಲಿ ಎಂದು ಹೊರಗಿನವರು ತಿಳಿದಿರುತ್ತಾರೆ. ಇಲ್ಲಿ ಅದು ತಿರುಗುಮುರುಗು. ಮಳೆ ಹೆಚ್ಚಾದಾಗ ಗುಪ್ಪೆಗಳು ಹಿಗ್ಗುವುದಲ್ಲದೆ ನಡುವಿನ ಬಯಲಿನಲ್ಲಿ ಒಂದೇ ಋತು ಬಾಳುವ ಸಣ್ಣ ಹುಲ್ಲುಗಳು ಎದ್ದು, ಒಣಗಿದ ಮೇಲೆ ಗುಪ್ಪೆಯಿಂದ ಗುಪ್ಪೆಗೆ ಬತ್ತಿಯಂತೆ ಕೆಲಸ ಮಾಡುತ್ತವೆ. 1974-75ರಲ್ಲಿ, ಅಂಥ ಮಳೆಯ ನಂತರ, ಆಸ್ಟ್ರೇಲಿಯಾ ಖಂಡದ ಸುಮಾರು 15 ಪ್ರತಿಶತ ನೆಲ, ಅಂದರೆ 11 ಕೋಟಿ ಹೆಕ್ಟೇರಿಗೂ ಹೆಚ್ಚು, ಸುಟ್ಟುಹೋಯಿತು; ಅದರಲ್ಲಿ ಬಹುಪಾಲು ಜನವಸತಿಯಿಲ್ಲದ ಒಣ ಒಳನಾಡು. 2010-11ರ ಭಾರಿ ಮಳೆಯ ನಂತರದ ಎರಡು ವರ್ಷಗಳಲ್ಲಿಯೂ ಹೀಗೆಯೇ ಆಯಿತು. ನಾಫಿಯಲ್ಲಿ 2011 ಮತ್ತು 2012ರ ನಕ್ಷೆಗಳನ್ನು ಪಕ್ಕದ ಒಣವರ್ಷಗಳ ನಕ್ಷೆಗಳ ಜೊತೆ ಇಟ್ಟು ನೋಡಿದರೆ ಈ ಪಾಠವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲ ದಿನ ತೋರಿಸುವುದು ಈ ನಕ್ಷೆಗಳನ್ನೇ.

ಎಷ್ಟು ಬಾರಿ ಸುಟ್ಟಿತು ಎಂಬ ಪದರದ ಬೆಲೆ ನನಗೆ ತಡವಾಗಿ ತಿಳಿಯಿತು. ಸ್ನ್ಯಾಪಿ ಗಮ್ ಎಂಬ ಬಿಳಿ ಕಾಂಡದ ನೀಲಗಿರಿ ಜಾತಿಯ ಮರ ಸುಟ್ಟ ಮೇಲೂ ಚಿಗುರುತ್ತದೆ. ಸ್ಪಿನಿಫೆಕ್ಸ್‌ನಲ್ಲಿ ಕೆಲವು ಪ್ರಭೇದಗಳು ಬುಡದಿಂದ ಚಿಗುರಿದರೆ, ಇನ್ನು ಕೆಲವು ಸತ್ತು ಬೀಜದಿಂದಲೇ ಮರಳಿ ಬರಬೇಕು. ಮಲ್ಗಾ ಎಂಬ ಜಾಲಿಯ ಬಳಗದ ಮರಕ್ಕೆ ಬಿಸಿ ಬೆಂಕಿ ತಾಗಿದರೆ ಅದರ ಕಥೆ ಮುಗಿದಂತೆ; ಅದೂ ಬೀಜವನ್ನೇ ನಂಬಿದೆ. ಬೀಜದಿಂದ ಹುಟ್ಟಿದ ಸಸಿ ಮತ್ತೆ ಬೀಜ ಬಿಡುವಷ್ಟು ದೊಡ್ಡದಾಗುವ ಮೊದಲೇ ಇನ್ನೊಂದು ಬೆಂಕಿ ಬಂದರೆ ಆ ಸಸ್ಯ ಆ ಗುಡ್ಡದಿಂದಲೇ ಮರೆಯಾಗುತ್ತದೆ. ಆದ್ದರಿಂದ ಸುಡುವುದು ಒಳ್ಳೆಯದು ಎಂದು ಎಲ್ಲ ಕಡೆ ಸುಡುತ್ತ ಹೋಗುವುದೂ ತಪ್ಪು. ಪದೇ ಪದೇ ಸುಟ್ಟ ಗುಡ್ಡಗಳನ್ನು ಆ ಪದರದಲ್ಲಿ ಗುರುತಿಸಿ, ಅವುಗಳ ಹತ್ತಿರ ಡ್ರಿಪ್ ಟಾರ್ಚ್ (ಉರಿಯುವ ಎಣ್ಣೆ ತೊಟ್ಟಿಕ್ಕಿಸಿ ಬೆಂಕಿ ಹಚ್ಚುವ ಸಾಧನ) ತರಕೂಡದೆಂದು ನಮ್ಮ ಯೋಜನೆಯಲ್ಲಿ ಗೆರೆ ಎಳೆದಿದ್ದೇವೆ.

ಇನ್ನು ಈ ನಕ್ಷೆಯನ್ನು ಓದುವಾಗ ಆಗಬಹುದಾದ ತಪ್ಪಿನ ಬಗ್ಗೆ ಹೇಳಬೇಕು. 250 ಮೀಟರ್ ಚೌಕವೆಂದರೆ 6.25 ಹೆಕ್ಟೇರ್, ಹದಿನೈದು ಎಕರೆಗೂ ಹೆಚ್ಚು. ಚೌಕದ ಬಹುಭಾಗ ಸುಟ್ಟಿದ್ದರೆ ಚೌಕವೆಲ್ಲ ಸುಟ್ಟಂತೆ ತೋರುತ್ತದೆ. ಅದರೊಳಗೆ ಕಲ್ಲಿನ ಸಂದಿಯಲ್ಲಿ ಉಳಿದುಕೊಂಡ ಹಳೆಯ ಗುಪ್ಪೆಗಳ ಸಾಲು ಕಾಣುವುದಿಲ್ಲ. ಇದು ಉಪಗ್ರಹದ ಕಣ್ಣಿನ ಮಿತಿ, ಸೇವೆಯವರು ಮುಚ್ಚಿಟ್ಟ ಸಂಗತಿಯಲ್ಲ. ನಾನು ಒಮ್ಮೆ ಅದನ್ನು ಮರೆತೆ. ಏಪ್ರಿಲ್ ಕೊನೆಯಲ್ಲಿ, ಮಳೆಗಾಲದ ತೇವ ನೆಲದಲ್ಲಿ ಇನ್ನೂ ಉಳಿದಿರುವಾಗ, ಒಂದು ದಿಣ್ಣೆಯ ಪಶ್ಚಿಮ ಇಳಿಜಾರನ್ನು ತುಣುಕು ತುಣುಕಾಗಿ ಸುಡಬೇಕೆಂದು ಯೋಜಿಸಿದ್ದೆ. ಪೂರ್ವದ ಗಡಿಗೆ ಬೇರೆ ಬೆಂಕಿ ರೇಖೆ ಬೇಡವೆಂದು ಬರೆದಿದ್ದೆ, ಏಕೆಂದರೆ ಅಲ್ಲಿ ಮೂರು ವರ್ಷ ಹಿಂದೆ ಸುಟ್ಟ ಗುರುತು ನಕ್ಷೆಯಲ್ಲಿ ಅಗಲವಾಗಿ ಹರಡಿತ್ತು. ಫೈರ್ ವಾರ್ಡನ್ ಅವರಿಂದ ಅನುಮತಿಯೂ ಸಿಕ್ಕಿತ್ತು. ಹಚ್ಚುವ ಹಿಂದಿನ ದಿನ ಗಡಿಯುದ್ದಕ್ಕೂ ನಡೆದಾಗ ನಿಜ ಸಂಗತಿ ಕಂಡಿತು. ಇಳಿಜಾರೆಲ್ಲ ಎಳೆಯ ಗುಪ್ಪೆಗಳೇ, ನಕ್ಷೆ ಹೇಳಿದಂತೆಯೇ. ಆದರೆ ನಡುವೆ ಇಳಿದುಹೋಗುವ ಒಣ ಹಳ್ಳದ ಇಕ್ಕೆಲಗಳಲ್ಲಿ ಮೊಣಕಾಲು ಮೀರಿದ ಹಳೆಯ ಗುಪ್ಪೆಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಹಳ್ಳದ ಮರಳಿನ ಮೇಲೆ ಬಫೆಲ್ ಹುಲ್ಲು ಒಣಗಿ ಬಿದ್ದಿತ್ತು. ಹೊರಗಿನಿಂದ ಮೇವಿಗೆಂದು ತಂದ ಈ ಹುಲ್ಲು ಗುಪ್ಪೆಗಳ ನಡುವಿನ ಬಯಲನ್ನೇ ತುಂಬಿಬಿಡುವುದರಿಂದ ಬೆಂಕಿಗೆ ಸೇತುವೆ ಕಟ್ಟಿದಂತಾಗುತ್ತದೆ. ಮಧ್ಯಾಹ್ನದ ಪಶ್ಚಿಮ ಗಾಳಿಗೆ ನಮ್ಮ ಬೆಂಕಿ ಆ ಹಳ್ಳವನ್ನೇ ದಾರಿ ಮಾಡಿಕೊಂಡು ಆಚೆಯ ಕಣಿವೆಗೆ ಇಳಿಯುತ್ತಿತ್ತು. ನಕ್ಷೆಯ ಬಣ್ಣವನ್ನು ಗೋಡೆಯೆಂದು ಓದಿದ್ದು ನನ್ನ ತಪ್ಪು. ಗಡಿಯನ್ನು ಹಿಂದಕ್ಕೆ ಸರಿಸಿ, ಹುಲ್ಲೇ ಬೆಳೆಯದ ಬಂಡೆಗಳ ಜಾರಿಗೆ ಹೊಂದಿಸಿದ ಮೇಲೆ ಮಾರನೆಯ ದಿನದ ಬದಲು ಮೂರು ದಿನ ಬಿಟ್ಟು, ಸಂಜೆಯ ಮಂದ ಗಾಳಿಯಲ್ಲಿ ಹಚ್ಚಿದೆವು. ಬೆಂಕಿ ಒಂದೆರಡು ತುಣುಕು ಸುಟ್ಟು ರಾತ್ರಿಯ ತಂಪಿಗೆ ತಾನೇ ಆರಿತು.

ಅದೇ ಹಳ್ಳದ ಗುಪ್ಪೆಗಳು ಇನ್ನೊಂದು ಕಾರಣಕ್ಕೂ ಅಮೂಲ್ಯ. ಕಾರ್ಪೆಂಟೇರಿಯನ್ ಗ್ರಾಸ್‌ರೆನ್ ಎಂಬ, ಉದ್ದ ಬಾಲ ನಿಗುರಿಸಿ ಕಲ್ಲುಗಳ ನಡುವೆ ಇಲಿಯಂತೆ ಓಡುವ ಪುಟ್ಟ ಹಕ್ಕಿ ಮೌಂಟ್ ಐಸಾ ಸುತ್ತ ಮತ್ತು ಅಲ್ಲಿಂದ ಕಾರ್ಪೆಂಟೇರಿಯಾ ಕೊಲ್ಲಿಯ ಕಡೆಗಿನ ಕಲ್ಲುಗುಡ್ಡಗಳಲ್ಲಿ ಮಾತ್ರ ಉಳಿದಿದೆ. ಅದಕ್ಕೆ ಬೇಕಾದದ್ದು ಬಹುಕಾಲ ಸುಡದ ದೊಡ್ಡ ಗುಪ್ಪೆಗಳು. ದೂರ ಹಾರಲು ಒಲ್ಲದ ಹಕ್ಕಿಯಾದ್ದರಿಂದ ವಿಶಾಲ ಪ್ರದೇಶವನ್ನು ಒಂದೇ ಬೆಂಕಿ ಬಳಿದುಕೊಂಡು ಹೋದರೆ ಅದು ಮರಳಿ ಅಲ್ಲಿಗೆ ಬಂದು ನೆಲೆಸುವುದು ಕಷ್ಟ. 2013ರಲ್ಲಿ ಪಶ್ಚಿಮ ಕ್ವೀನ್ಸ್‌ಲೆಂಡ್‌ನಲ್ಲಿ ಮತ್ತೆ ಪತ್ತೆಯಾದ ನೈಟ್ ಪ್ಯಾರಟ್, ಅಂದರೆ ಇರುಳುಗಿಳಿ, ಗೂಡು ಕಟ್ಟುವುದೂ ಹಳೆಯ ಸ್ಪಿನಿಫೆಕ್ಸ್ ಗುಪ್ಪೆಯ ಒಳಗೇ. ಇಂಥ ಜೀವಿಗಳಿಗೆ ಆಸರೆಯಾಗುವುದು ನಕ್ಷೆಯ ಚೌಕಕ್ಕಿಂತ ಚಿಕ್ಕದಾದ ತುಣುಕುಗಳು. ಅವುಗಳನ್ನು ಹುಡುಕಲು ನಾಫಿ ಸಾಲದು. ಕಾಲು ಸವೆಸಬೇಕು, ಇಲ್ಲವೇ ಇನ್ನೂ ಸೂಕ್ಷ್ಮವಾದ ಉಪಗ್ರಹ ಚಿತ್ರಗಳನ್ನು ಜೊತೆಗೆ ನೋಡಬೇಕು.

ನನ್ನ ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ನಕ್ಷೆ ವಯಸ್ಸನ್ನು ವರ್ಷಗಳಲ್ಲಿ ಎಣಿಸುತ್ತದೆ. ಸ್ಪಿನಿಫೆಕ್ಸ್ ಬೆಳೆಯುವುದು ಮಳೆಯ ಲೆಕ್ಕದಲ್ಲಿ. ಸುಟ್ಟ ನಂತರ ಎರಡು ಒಳ್ಳೆಯ ಮಳೆಗಾಲ ಕಂಡ ಐದು ವರ್ಷದ ತುಣುಕು ಬೆಂಕಿಯನ್ನು ಹೊತ್ತೊಯ್ಯಬಲ್ಲದು. ಸತತ ಬರ ಕಂಡ ಹತ್ತು ವರ್ಷದ ತುಣುಕಿನಲ್ಲಿ ಇನ್ನೂ ಬಯಲೇ ಹೆಚ್ಚಿರಬಹುದು. ಎರಡಕ್ಕೂ ನಕ್ಷೆ ಕೊಡುವುದು ಅಂಕಿಯೊಂದನ್ನು ಮಾತ್ರ. ಪಶ್ಚಿಮ ಮರುಭೂಮಿಯ ಮೂಲನಿವಾಸಿಗಳಾದ ಮಾರ್ಟು ಜನರ ಮಾತಿನಲ್ಲಿ ಸುಟ್ಟ ನೆಲ ಮತ್ತೆ ಬೆಳೆಯುವ ಹಂತಗಳಿಗೆ ಐದು ಹೆಸರುಗಳಿವೆ. ಈಗತಾನೇ ಸುಟ್ಟ ನೆಲ ‘ನ್ಯೂರ್ನ್ಮ’, ಹಸಿರು ಚಿಗುರು ಎದ್ದ ನೆಲ ‘ವಾರು-ವಾರು’, ತಿನ್ನುವ ಹಣ್ಣು ಬೀಜಗಳ ಗಿಡ ತುಂಬಿದ್ದು ‘ನ್ಯುಕುರ’, ಮತ್ತೆ ಬೆಂಕಿ ಹಿಡಿಯುವಷ್ಟು ಸ್ಪಿನಿಫೆಕ್ಸ್ ಕೂಡಿಕೊಂಡದ್ದು ‘ಮಂಗೂ’, ನಡು ಸತ್ತ ಮುದಿ ಗುಪ್ಪೆಗಳ ನೆಲ ‘ಕುನಾರ್ಕ’. ಇವು ವರ್ಷಗಳಲ್ಲ, ನೆಲದ ಸ್ಥಿತಿಗಳು. ಉಡ ಹುಡುಕುತ್ತ ಚಳಿಗಾಲದಲ್ಲಿ ಸಣ್ಣ ಸಣ್ಣ ಬೆಂಕಿ ಹಚ್ಚುವ ಮಾರ್ಟು ಹೆಂಗಸರಿಗೆ ಯಾವ ತುಣುಕು ಯಾವ ಸ್ಥಿತಿಯಲ್ಲಿದೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಪಶ್ಚಿಮ ಮರುಭೂಮಿಯಲ್ಲಿ ಜನ ಇನ್ನೂ ಅಲೆಮಾರಿಗಳಾಗಿ ಬಾಳುತ್ತಿದ್ದ ಕಾಲಕ್ಕೆ ಸೇರಿದ 1953ರ ವೈಮಾನಿಕ ಚಿತ್ರಗಳಲ್ಲಿ ಇಂಥ ಸಣ್ಣ ಸುಟ್ಟ ಗುರುತುಗಳು ಕೌದಿಯ ತೇಪೆಗಳಂತೆ ತುಂಬಿಕೊಂಡಿವೆ; ಜನ ನೆಲ ಬಿಟ್ಟು ಹೋದ ಮೇಲಿನ ಚಿತ್ರಗಳಲ್ಲಿ ಅದೇ ಜಾಗದಲ್ಲಿ ಕಾಣುವುದು ಬೃಹತ್ತಾದ ಕೆಲವೇ ಗುರುತುಗಳು. ಆ ಐದು ಹೆಸರುಗಳಲ್ಲಿರುವ ತಿಳಿವಳಿಕೆ ನಕ್ಷೆಯೊಳಗೆ ಬರಬೇಕು ಎಂಬುದು ನನ್ನ ಹಂಬಲ. ಕೊನೆಗೆ ಸುಟ್ಟ ದಿನದಿಂದ ಇಲ್ಲಿಯವರೆಗೆ ಆ ತುಣುಕಿನ ಮೇಲೆ ಬಿದ್ದ ಒಟ್ಟು ಮಳೆಯನ್ನು ತೋರಿಸುವ ಪದರವೊಂದಿದ್ದರೂ ನಮ್ಮಂಥವರ ಅರ್ಧ ಕೆಲಸ ಹಗುರವಾಗುತ್ತಿತ್ತು. ಸದ್ಯಕ್ಕೆ ಹವಾಮಾನ ಇಲಾಖೆಯ ಮಳೆ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಂಡು ಈ ಲೆಕ್ಕವನ್ನು ಕೈಯಲ್ಲೇ ಹಾಕುತ್ತೇನೆ.

ಬಳಕೆಯ ಅನುಕೂಲದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪುಟ ಸರಳವಾಗಿದೆ, ಅಲಂಕಾರ ಕಡಿಮೆ, ನಿಧಾನ ಸಂಪರ್ಕದಲ್ಲೂ ತೆರೆದುಕೊಳ್ಳುತ್ತದೆ. ನಕ್ಷೆಗಳನ್ನು ಗೂಗಲ್ ಅರ್ಥ್‌ಗೆ ಮತ್ತು ನಕ್ಷೆ ತಂತ್ರಾಂಶಗಳಿಗೆ ಇಳಿಸಿಕೊಳ್ಳಬಹುದು. ಪ್ರಸ್ಥಭೂಮಿಯ ಮೇಲೆ ಮೊಬೈಲ್ ಸಿಗ್ನಲ್ ಸಿಗದ ಕಾರಣ ಹೊರಡುವ ಮುನ್ನ ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳುವುದು ನನ್ನ ರೂಢಿ. ಹೊಸಬರಿಗೆ ಪದರಗಳ ಹೆಸರು ಮೊದಲ ದಿನ ಗೊಂದಲ ತರಬಹುದು. ಒಂದು ವಾರ ಬಳಸಿದರೆ ಕೈ ಕೂಡುತ್ತದೆ.

ಬೆಲೆಯ ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ವರ್ಷಕ್ಕೆ 600 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಉತ್ತರದ ಸವನ್ನಾದಲ್ಲಿ ಒಣಋತುವಿನ ಆರಂಭದಲ್ಲೇ ತಂಪು ಬೆಂಕಿ ಹಚ್ಚಿ ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿಸುವವರು ಕಾರ್ಬನ್ ಕ್ರೆಡಿಟ್‌ಗಳ (ತಗ್ಗಿಸಿದ ಅನಿಲದ ಲೆಕ್ಕಕ್ಕೆ ಸಿಗುವ, ಮಾರಬಹುದಾದ ಪತ್ರಗಳ) ಮೂಲಕ ಹಣ ಗಳಿಸಬಹುದು. ಆ ಹಣದಿಂದ ಹೆಲಿಕಾಪ್ಟರ್, ತರಬೇತಿ, ಸಂಬಳ ಎಲ್ಲಕ್ಕೂ ದಾರಿಯಾಗುತ್ತದೆ. ಮೌಂಟ್ ಐಸಾದ ವಾರ್ಷಿಕ ಸರಾಸರಿ ಮಳೆ 400ರಿಂದ 500 ಮಿಲಿಮೀಟರಿನ ನಡುವೆ. ನಮ್ಮ ಸ್ಪಿನಿಫೆಕ್ಸ್ ಗುಡ್ಡಗಳು ಆ ಗೆರೆಯ ಕೆಳಗೆ ಉಳಿದುಬಿಟ್ಟಿವೆ. ಇಲ್ಲಿ ಬೆಂಕಿಯ ಕೆಲಸಕ್ಕೆ ಕೈಯಿಂದಲೇ ಖರ್ಚು, ಬರುವ ಲಾಭವೆಂದರೆ ಉಳಿದ ಮೇವು, ಸುಡದ ಬೇಲಿ ಮತ್ತು ಬದುಕಿದ ಹಕ್ಕಿಗಳು. ಇಂಥ ನೆಲದಲ್ಲಿ ಎರಡು ದಶಕಕ್ಕೂ ಮೀರಿದ ಬೆಂಕಿಯ ಇತಿಹಾಸ ಬಿಡಿಗಾಸಿಲ್ಲದೆ ದೊರೆಯುವುದು ಸಣ್ಣ ಉಪಕಾರವಲ್ಲ. ಐದು ಅಂಕಗಳಲ್ಲಿ ನಾನು ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಆ ಮಳೆಯ ಪದರಕ್ಕಾಗಿ ಕಾದಿರಿಸಿದ್ದೇನೆ.

ಈ ಏಪ್ರಿಲ್‌ಗೆ ಸಿದ್ಧಪಡಿಸಿದ ನಕ್ಷೆ ಈಗ ನನ್ನ ಮೇಜಿನ ಮೇಲಿದೆ. ದಿಣ್ಣೆಯ ಪೂರ್ವ ಇಳಿಜಾರು ಅದರಲ್ಲಿ ಇಂದಿಗೂ ಪೂರ್ತಿ ಸುಟ್ಟ ನೆಲದ ಬಣ್ಣದಲ್ಲೇ ಇದೆ. ಅದರ ನಡುವೆ ಹಳ್ಳ ಹರಿಯುವ ಕಡೆ ಸೀಸದ ಕಡ್ಡಿಯಿಂದ ಎರಡು ಗೆರೆ ಎಳೆದು, ‘ಹಳೆಯ ಗುಪ್ಪೆಗಳಿವೆ, ಇಲ್ಲಿ ಹಚ್ಚಬಾರದು, ಕೆಳಗಿನ ಬಫೆಲ್ ಹುಲ್ಲನ್ನು ಮೊದಲು ತೆಗೆಯಬೇಕು’ ಎಂದು ಬರೆದಿಟ್ಟಿದ್ದೇನೆ.